ಮಾರ್ಷ್‌ಮ್ಯಾಲೋಗೆ ಯಾವ ಸಕ್ಕರೆ, ಯಾವ ಸಿರಪ್?

ಮಾರ್ಷ್‌ಮ್ಯಾಲೋಗೆ ಬೇಕಾಗುವ ಸಾಮಾನು ನಾಲ್ಕೇ ನಾಲ್ಕು: ಸಕ್ಕರೆ, ಸಿರಪ್, ನೀರು, ಜೆಲಟಿನ್. ಉಳಿದದ್ದೆಲ್ಲ ಗಾಳಿ. ಜೆಲಟಿನ್ ಎಷ್ಟು, ಎಷ್ಟು ಹೊತ್ತು ಬೀಟ್ ಮಾಡಬೇಕು ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಸಿರಪ್ ವಿಷಯಕ್ಕೆ ಬಂದಾಗ ಮಾತ್ರ, ‘ಕಾರ್ನ್ ಸಿರಪ್ ಇಲ್ಲವಾ, ಪರವಾಗಿಲ್ಲ, ಜೇನುತುಪ್ಪ ಇದೆಯಲ್ಲ, ಎರಡೂ ಸಿಹಿಯೇ ತಾನೇ’ ಅಂದುಕೊಂಡು ಕೈಗೆ ಸಿಕ್ಕಿದ್ದನ್ನು ಸುರಿದುಬಿಡುತ್ತಾರೆ. ಮಾಡಿದ ದಿನ ಏನೂ ಗೊತ್ತಾಗುವುದಿಲ್ಲ. ಮಾರನೇ ದಿನ ಡಬ್ಬಿ ತೆರೆದರೆ ತುಂಡುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿರುತ್ತವೆ. ಸಿರಪ್ಪೇ ಬೇಡ ಅಂತ ಬರೀ ಸಕ್ಕರೆಯಲ್ಲಿ ಮಾಡಿದವರ ಕಥೆ ಇದಕ್ಕೆ ತದ್ವಿರುದ್ಧ: ಮೊದಲ ದಿನ ಮೆತ್ತಗಿದ್ದದ್ದು ಕ್ರಮೇಣ ಹಲ್ಲಿಗೆ ಕರಕರ ಅನ್ನತೊಡಗುತ್ತದೆ.

ಎರಡಕ್ಕೂ ಮೂಲ ಒಂದೇ. ಸಿರಪ್ಪನ್ನು ಸಿಹಿಗೆಂದು ಹಾಕುವುದಿಲ್ಲ. ಅದರ ಕೆಲಸ ಬೇರೆ. ಆ ಕೆಲಸ ಏನು ಅಂತ ಗೊತ್ತಿದ್ದರೆ, ಕೈಯಲ್ಲಿರುವ ಬಾಟಲಿ ಯಾವುದೇ ಆಗಿರಲಿ, ಅದು ನಡೆಯುತ್ತದೋ ಇಲ್ಲವೋ, ನಡೆದರೆ ಎಷ್ಟು ಹಾಕಬೇಕು ಅಂತ ನೀವೇ ಲೆಕ್ಕ ಹಾಕಬಹುದು.

ಸಿರಪ್ ಮಾಡುವ ಕೆಲಸ

ನಾವು ದಿನಾ ಬಳಸುವ ಬಿಳಿ ಸಕ್ಕರೆ ಅಂದರೆ ಸುಕ್ರೋಸ್. ಗ್ಲೂಕೋಸ್ ಒಂದು, ಫ್ರಕ್ಟೋಸ್ ಒಂದು, ಎರಡೂ ಜೋಡಿಯಾದರೆ ಸುಕ್ರೋಸ್. ಸಾಮಾನ್ಯ ಕೋಣೆಯ ಬಿಸಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಆದರೆ ಮಾರ್ಷ್‌ಮ್ಯಾಲೋ ಪಾಕವನ್ನು ನಾವು 115 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕುದಿಸುತ್ತೇವೆ. ಆ ಹಂತದಲ್ಲಿ ಪಾಕದಲ್ಲಿ ನೀರು ಉಳಿದಿರುವುದು ನೂರಕ್ಕೆ ಹದಿನೈದರ ಆಸುಪಾಸು. ಉಳಿದ ಎಂಬತ್ತೈದೂ ಸಕ್ಕರೆ. ಅಂದರೆ ತಣ್ಣಗಾದ ಮೇಲೆ ಆ ನೀರಿಗೆ ಹೊರಲಾರದಷ್ಟು ಸಕ್ಕರೆ ಅದರಲ್ಲಿರುತ್ತದೆ. ಒಂದು ನೆಪ ಸಿಕ್ಕರೆ ಸಾಕು, ಹೆಚ್ಚಾದದ್ದು ಹರಳಾಗಿ ಹೊರಗೆ ಬರುತ್ತದೆ. ಪಾತ್ರೆಯ ಅಂಚಿನಲ್ಲಿ ಅಂಟಿದ ಒಂದು ಕಾಳು ಸಕ್ಕರೆ, ಅನಗತ್ಯವಾಗಿ ಆಡಿಸಿದ ಸೌಟು, ಏನು ಬೇಕಾದರೂ ನೆಪವಾಗಬಹುದು.

ಹರಳು ಬೆಳೆಯುವುದು ಒಂದೇ ಅಳತೆಯ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸಿದ ಹಾಗೆ. ನಡುನಡುವೆ ಬೇರೆ ಬೇರೆ ಆಕಾರದ ಕಲ್ಲುಗಳು ಬಂದು ಕೂತರೆ ಗೋಡೆ ಏಳುವುದೇ ಇಲ್ಲ. ಸಿರಪ್‌ನಲ್ಲಿರುವ ಬೇರೆ ಸಕ್ಕರೆಗಳು ಮಾಡುವುದು ಇದನ್ನೇ. ಅದರಲ್ಲಿ ಎರಡು ಜಾತಿ. ಒಂದು, ಗ್ಲೂಕೋಸ್, ಫ್ರಕ್ಟೋಸ್‌ನಂಥ ಚಿಕ್ಕವು. ಇವು ಹರಳನ್ನು ತಡೆಯುತ್ತವೆ, ಜೊತೆಗೆ ನೀರನ್ನು ಹಿಡಿದಿಡುತ್ತವೆ. ಫ್ರಕ್ಟೋಸಂತೂ ಸುತ್ತಲಿನ ಗಾಳಿಯಿಂದಲೂ ತೇವ ಎಳೆದುಕೊಳ್ಳುತ್ತದೆ. ಇನ್ನೊಂದು, ಪಿಷ್ಟವನ್ನು ಅರ್ಧಂಬರ್ಧ ಒಡೆದಾಗ ಉಳಿಯುವ ಉದ್ದುದ್ದ ಸರಪಳಿಗಳು. ಇವು ಸಿಹಿ ಕೊಡುವುದು ಕಮ್ಮಿ, ತೇವ ಎಳೆಯುವುದೂ ಕಮ್ಮಿ. ಆದರೆ ಪಾಕವನ್ನು ಮಂದ ಮಾಡುತ್ತವೆ, ಎಳೆದರೆ ಹಿಗ್ಗುವ ಗುಣ ಕೊಡುತ್ತವೆ, ಬೀಟ್ ಮಾಡುವಾಗ ಸಿಕ್ಕ ಗಾಳಿಯ ಗುಳ್ಳೆಗಳು ಒಡೆಯದಂತೆ ಕಾಯುತ್ತವೆ.

ಹಾಗಾಗಿ ಯಾವ ಬಾಟಲಿ ಕೈಗೆತ್ತಿಕೊಂಡರೂ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಸುಕ್ರೋಸ್ ಎಷ್ಟು? ಚಿಕ್ಕ ಸಕ್ಕರೆ ಎಷ್ಟು? ಉದ್ದ ಸರಪಳಿ ಎಷ್ಟು? ಮುಂದಿನದೆಲ್ಲ ಈ ಮೂರರ ಮೇಲೆಯೇ ನಿಂತಿದೆ.

ಮೊದಲ ಹೆಜ್ಜೆ: ಮುಖ್ಯ ಸಕ್ಕರೆ

ಇಲ್ಲಿ ಹೆಚ್ಚು ಯೋಚಿಸುವುದು ಬೇಡ. ಸಾದಾ ಬಿಳಿ ಸಕ್ಕರೆ ಸಾಕು. ಕಾಳು ಸಣ್ಣದಿದ್ದರೆ ಬೇಗ ಕರಗುತ್ತದೆ, ಅಷ್ಟೇ ಲಾಭ. ಪೂರ್ತಿ ಕರಗಿದ ಮೇಲೆ ದಪ್ಪ ಕಾಳಿಗೂ ಸಣ್ಣ ಕಾಳಿಗೂ ವ್ಯತ್ಯಾಸವಿಲ್ಲ. ಸಕ್ಕರೆ ಶುಭ್ರವಾಗಿರಲಿ. ಕಸ, ಧೂಳು ಇದ್ದರೆ ಪಾಕ ಮಬ್ಬಾಗುತ್ತದೆ, ಹರಳಿಗೂ ಅದೇ ಬೀಜವಾಗುತ್ತದೆ.

ಪಾಕಕ್ಕೆ ಐಸಿಂಗ್ ಶುಗರ್ ಹಾಕಬೇಡಿ. ಗಂಟು ಕಟ್ಟದಿರಲಿ ಅಂತ ಅದರಲ್ಲಿ ಸ್ವಲ್ಪ ಪಿಷ್ಟ ಬೆರೆಸಿರುತ್ತಾರೆ. ಕುದಿಸಿದಾಗ ಆ ಪಿಷ್ಟ ಬೆಂದು ನೊರೆ ಬರುತ್ತದೆ, ಪಾಕ ಗಂಜಿಯಂತಾಗುತ್ತದೆ. ಅದರ ಜಾಗ ಕೊನೆಯಲ್ಲಿ, ಹೊರಗೆ ಹೊರಳಿಸುವ ಪುಡಿಯಲ್ಲಿ.

ಕಂದು ಸಕ್ಕರೆ ಅಂದರೆ ಬಿಳಿ ಸಕ್ಕರೆಯ ಮೇಲೆ ಕಾಕಂಬಿಯ ತೆಳು ಪದರ. ರುಚಿ ಚೆನ್ನ, ಕ್ಯಾರಮೆಲ್ ಬಣ್ಣ ಬರುತ್ತದೆ. ಆದರೆ ಕಾಕಂಬಿಯಲ್ಲಿ ಹುಳಿಯೂ ಖನಿಜಾಂಶವೂ ಇದೆ. ಕುದಿಯುವಾಗ ಜಾಸ್ತಿ ಉಕ್ಕುತ್ತದೆ, ಬೇಗ ತಳ ಹಿಡಿಯುತ್ತದೆ, ನೊರೆಯೂ ಬಿಳಿ ಸಕ್ಕರೆಯಷ್ಟು ಎತ್ತರಕ್ಕೆ ಏಳುವುದಿಲ್ಲ. ಅರ್ಧ ಬಿಳಿ, ಅರ್ಧ ತಿಳಿ ಕಂದು ಸಕ್ಕರೆ ಹಾಕಿದರೆ ರುಚಿ ಸಿಗುತ್ತದೆ, ತಾಪತ್ರಯ ಕಮ್ಮಿ. ಇನ್ನೊಂದು ವಿಷಯ: ಕಂದು ಸಕ್ಕರೆ ಹಾಕಿದೆ ಅಂತ ಸಿರಪ್ ಬಿಡುವಂತಿಲ್ಲ. ಅದರ ಬಹುಪಾಲು ಸುಕ್ರೋಸೇ.

ಎರಡನೇ ಹೆಜ್ಜೆ: ಸಿರಪ್

ಎಲ್ಲ ಪಾಕವಿಧಾನಗಳಲ್ಲೂ ಕಾಣುವುದು ಕಾರ್ನ್ ಸಿರಪ್ ಅಥವಾ ಗ್ಲೂಕೋಸ್ ಸಿರಪ್. ಕೇಕ್ ಸಾಮಾನಿನ ಅಂಗಡಿಗಳಲ್ಲಿ ಲಿಕ್ವಿಡ್ ಗ್ಲೂಕೋಸ್ ಅಂತ ಕೇಳಿದರೆ ಕೊಡುವುದೂ ಇದನ್ನೇ. ಮೆಕ್ಕೆಜೋಳ, ಗೋಧಿ, ಆಲೂಗಡ್ಡೆ, ಮರಗೆಣಸು, ಯಾವುದರ ಪಿಷ್ಟವಾದರೂ ಸರಿ, ಒಡೆದರೆ ಗ್ಲೂಕೋಸ್ ಸಿರಪ್. ಮೆಕ್ಕೆಜೋಳದಿಂದ ಬಂದರೆ ಅದೇ ಕಾರ್ನ್ ಸಿರಪ್. ಪಿಷ್ಟ ಎಷ್ಟರ ಮಟ್ಟಿಗೆ ಒಡೆದಿದೆ ಅನ್ನುವುದಕ್ಕೆ ಡಿಇ ಅಂತ ಒಂದು ಅಳತೆ. ಸೊನ್ನೆ ಅಂದರೆ ಒಡೆಯದ ಪಿಷ್ಟ, 100 ಅಂದರೆ ಅಪ್ಪಟ ಗ್ಲೂಕೋಸ್. ಮಿಠಾಯಿ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಡಿಇ 42ರ ಸುತ್ತಮುತ್ತಲಿನದು. ಅದರ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಉದ್ದ ಸರಪಳಿಗಳೇ. ಸುಕ್ರೋಸ್ ಇಲ್ಲವೇ ಇಲ್ಲ. ಸಿಹಿಯೂ ಸಕ್ಕರೆಯ ಅರ್ಧದಷ್ಟು. ಮೂರೂ ಪ್ರಶ್ನೆಗೆ ಇದರ ಉತ್ತರ ಸರಿಹೊಂದುತ್ತದೆ. ಅದಕ್ಕೇ ಇದು ಎಲ್ಲರ ಮೊದಲ ಆಯ್ಕೆ, ನನ್ನದೂ.

ಒಂದು ಭಯವನ್ನು ಇಲ್ಲೇ ಕಳೆದುಬಿಡೋಣ. ಕಾರ್ನ್ ಸಿರಪ್ ಬೇರೆ, ತಂಪು ಪಾನೀಯಗಳಿಗೆ ಹಾಕುವ ಹೈ ಫ್ರಕ್ಟೋಸ್ ಕಾರ್ನ್ ಸಿರಪ್ ಬೇರೆ. ಎರಡನೆಯದರಲ್ಲಿ ಗ್ಲೂಕೋಸಿನ ಒಂದು ಭಾಗವನ್ನು ಕಿಣ್ವದಿಂದ ಫ್ರಕ್ಟೋಸ್ ಆಗಿ ಬದಲಿಸಿರುತ್ತಾರೆ. ಲೇಬಲ್ ಮೇಲೆ ಗ್ಲೂಕೋಸ್ ಜೊತೆಗೆ ಫ್ರಕ್ಟೋಸ್ ಹೆಸರೂ ಇದ್ದರೆ ಅದು ಬೇರೆ ಸರಕು ಅಂತ ಎಚ್ಚರ ಇರಲಿ. ಕಾರ್ನ್ ಸಿರಪ್‌ನಲ್ಲೂ ತಿಳಿಯದು, ಗಾಢ ಬಣ್ಣದ್ದು ಅಂತ ಎರಡು ಸಿಗುತ್ತವೆ. ಗಾಢ ಬಣ್ಣದ್ದಕ್ಕೆ ಕಾಕಂಬಿಯಂಥ ರುಚಿ ಸೇರಿಸಿರುತ್ತಾರೆ. ಬಿಳಿ ಮಾರ್ಷ್‌ಮ್ಯಾಲೋ ಬೇಕಿದ್ದರೆ ತಿಳಿಯದನ್ನೇ ತನ್ನಿ.

ಕೇಕ್ ಅಂಗಡಿಯ ಗ್ಲೂಕೋಸ್ ಸಿರಪ್ ಕೆಲವೊಮ್ಮೆ ಎಷ್ಟು ಗಟ್ಟಿ ಇರುತ್ತದೆ ಅಂದರೆ ಚಮಚ ಅದ್ದಿದರೆ ಚಮಚದ ಜೊತೆ ಡಬ್ಬಿಯೂ ಮೇಲೆ ಬರುತ್ತದೆ. ಕಾರ್ನ್ ಸಿರಪ್ ಸರಾಗ ಹರಿಯುತ್ತದೆ. ಒಂದರ ಬದಲು ಇನ್ನೊಂದು ಹಾಕಬಹುದಾ? ಧಾರಾಳವಾಗಿ. ತೂಕ ಮಾಡಿ ಹಾಕಿ, ಕಪ್ಪಿನಲ್ಲಿ ಅಳೆಯಬೇಡಿ. ಗಟ್ಟಿಯದರಲ್ಲಿ ನೀರು ತುಸು ಕಮ್ಮಿ, ತೆಳುವಿನದರಲ್ಲಿ ತುಸು ಜಾಸ್ತಿ. ಹೇಗಿದ್ದರೂ ಕುದಿಸಿ ಒಂದೇ ಡಿಗ್ರಿಗೆ ತರುತ್ತೇವಲ್ಲ, ಹೆಚ್ಚುವರಿ ನೀರು ಆವಿಯಾಗಿ ಹೋಗುತ್ತದೆ. ಗಟ್ಟಿ ಸಿರಪ್ ತೂಗುವಾಗ ಒಂದು ಉಪಾಯ: ತಕ್ಕಡಿಯ ಮೇಲೆ ಮೊದಲು ಸಕ್ಕರೆ ಹಾಕಿ, ನಡುವೆ ಗುಳಿ ಮಾಡಿ, ಒದ್ದೆ ಕೈಯಲ್ಲಿ ಸಿರಪ್ ತೆಗೆದು ನೇರ ಆ ಗುಳಿಗೇ ಬಿಡಿ. ಬೇರೆ ಬಟ್ಟಲಿಗೆ ಅಂಟಿ ಹಾಳಾಗುವುದು ತಪ್ಪುತ್ತದೆ.

ಇನ್ವರ್ಟ್ ಸಿರಪ್ ಅಂದರೆ ಸುಕ್ರೋಸಿನ ಜೋಡಿಯನ್ನು ಬಿಡಿಸಿ ಗ್ಲೂಕೋಸ್, ಫ್ರಕ್ಟೋಸ್ ಸಮಸಮ ಮಾಡಿದ್ದು. ಹರಳು ತಡೆಯುವುದರಲ್ಲಿ ಎತ್ತಿದ ಕೈ. ಸಿಹಿ ಸಕ್ಕರೆಗಿಂತ ಸುಮಾರು ಕಾಲು ಪಟ್ಟು ಹೆಚ್ಚು. ಇದರಲ್ಲಿ ಮಾಡಿದ ಮಾರ್ಷ್‌ಮ್ಯಾಲೋ ಬಾಯಲ್ಲಿ ಬೇಗ ಕರಗುತ್ತದೆ, ಬಹಳ ದಿನ ಮೆತ್ತಗಿರುತ್ತದೆ. ತೊಂದರೆ ಏನೆಂದರೆ ಅದು ತೇವ ಎಳೆಯುತ್ತದೆ. ಉದ್ದ ಸರಪಳಿ ಒಂದೂ ಇಲ್ಲದ್ದರಿಂದ ಎಳೆದರೆ ಹಿಗ್ಗುವ ಗುಣವೂ ಇಲ್ಲ. ಒಣ ಹವೆಯಲ್ಲಿ ಇದು ವರ. ತೇವದ ಹವೆಯಲ್ಲಿ ತುಂಡುಗಳು ಬೆವರುತ್ತವೆ.

ಜೇನುತುಪ್ಪ ಪ್ರಕೃತಿಯೇ ಮಾಡಿಟ್ಟ ಇನ್ವರ್ಟ್ ಸಿರಪ್ ಅನ್ನಬಹುದು. ಅದರಲ್ಲಿ ಫ್ರಕ್ಟೋಸ್ ಗ್ಲೂಕೋಸಿಗಿಂತ ಸ್ವಲ್ಪ ಹೆಚ್ಚು, ನೀರು ನೂರಕ್ಕೆ ಹದಿನೇಳು-ಹದಿನೆಂಟು, ಸುಕ್ರೋಸ್ ಹೆಸರಿಗಷ್ಟೇ. ಫ್ರಕ್ಟೋಸ್ ಸುಮಾರು 110 ಡಿಗ್ರಿಯಲ್ಲೇ ಬಣ್ಣ ತಿರುಗಲು ಶುರುಮಾಡುತ್ತದೆ, ಬಿಳಿ ಸಕ್ಕರೆಗೆ 160ರ ಹತ್ತಿರ ಹೋಗಬೇಕು. ಹಾಗಾಗಿ ಜೇನು ಹಾಕಿ ಕುದಿಸಿದ ಪಾಕ ಬೇಗ ಕೆಂಪಾಗುತ್ತದೆ, ಪಾತ್ರೆಯಲ್ಲಿ ನೊರೆ ಎದ್ದು ಉಕ್ಕುತ್ತದೆ, ಹೂವಿನ ಪರಿಮಳವೂ ಆವಿಯ ಜೊತೆ ಹಾರಿಹೋಗುತ್ತದೆ. ಕುದಿಸಲೇಬೇಡಿ ಅನ್ನುವುದು ನನ್ನ ಸಲಹೆ. ಪೂರ್ತಿ ಸಿರಪ್ ಬದಲಿಗೆ ಅದರ ಕಾಲು ಭಾಗದಷ್ಟು ಮಾತ್ರ ಜೇನು ತೆಗೆದುಕೊಳ್ಳಿ, ಬೀಟ್ ಮಾಡುವ ಬಟ್ಟಲಲ್ಲಿ ನೆನೆದ ಜೆಲಟಿನ್ ಜೊತೆಗೆ ಹಾಕಿಟ್ಟು ಅದರ ಮೇಲೆ ಬಿಸಿ ಪಾಕ ಸುರಿಯಿರಿ. ಕಡಿಮೆ ಜೇನಿನಲ್ಲೇ ಹೆಚ್ಚು ರುಚಿ ಸಿಗುತ್ತದೆ. ಕುದಿಯದೆ ಸೇರಿದ ಜೇನಿನಲ್ಲಿ ಅದರ ನೀರು ಹಾಗೇ ಉಳಿಯುವುದರಿಂದ ಪಾಕವನ್ನು ಎರಡು ಡಿಗ್ರಿ ಮೇಲಕ್ಕೆ ಒಯ್ಯಿರಿ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನಿನ ಯಾವ ತಿನಿಸೂ ಕೂಡದು; ಅದರಲ್ಲಿರಬಹುದಾದ ಬಾಟುಲಿಸಂ ಬೀಜಾಣು ಇಷ್ಟು ಬಿಸಿಗೆ ಸಾಯುತ್ತದೆ ಅಂತ ನಂಬುವ ಹಾಗಿಲ್ಲ. ಮಾರ್ಷ್‌ಮ್ಯಾಲೋ ಗಂಟಲಲ್ಲಿ ಸಿಕ್ಕಿಕೊಳ್ಳುವ ತಿನಿಸು ಕೂಡ, ಜೇನು ಇರಲಿ ಬಿಡಲಿ, ಪುಟ್ಟ ಮಕ್ಕಳ ಕೈಗೆ ಇಡೀ ತುಂಡು ಕೊಡಬೇಡಿ.

ಹೆಚ್ಚು ಜನ ಮೋಸ ಹೋಗುವುದು ಮೇಪಲ್ ಸಿರಪ್ ವಿಷಯದಲ್ಲಿ. ನೋಡಲು ಸಿರಪ್, ಹೆಸರಲ್ಲೂ ಸಿರಪ್. ಆದರೆ ಅದರ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಸುಕ್ರೋಸ್. ಅಂದರೆ ಅದು ನೀರಿನಲ್ಲಿ ಕರಗಿದ ಸಕ್ಕರೆ, ಜೊತೆಗೆ ಒಳ್ಳೆಯ ಪರಿಮಳ. ಮೊದಲ ಪ್ರಶ್ನೆಯಲ್ಲೇ ಅದು ಉಳಿಯುವುದಿಲ್ಲ. ಕಾರ್ನ್ ಸಿರಪ್ ತೆಗೆದು ಮೇಪಲ್ ಹಾಕಿದರೆ ಹರಳಿನ ಕಾಟ ತಪ್ಪಿದ್ದಲ್ಲ. ಹಾಗಂತ ಮೂಲೆಗೆ ಹಾಕಬೇಕಿಲ್ಲ. ಅದನ್ನು ಸಿರಪ್ ಲೆಕ್ಕದಲ್ಲಿ ಹಿಡಿಯದೆ ಸಕ್ಕರೆ ಲೆಕ್ಕದಲ್ಲಿ ಹಿಡಿಯಿರಿ: 150 ಗ್ರಾಂ ಮೇಪಲ್ ಸಿರಪ್‌ನಲ್ಲಿ ಸುಮಾರು 100 ಗ್ರಾಂ ಸಕ್ಕರೆ, 50 ಗ್ರಾಂ ನೀರು. ಅಷ್ಟು ಸಕ್ಕರೆಯನ್ನೂ ಅಷ್ಟು ನೀರನ್ನೂ ಪಾಕದಿಂದ ಕಳೆಯಿರಿ. ಗ್ಲೂಕೋಸ್ ಸಿರಪ್ ಮಾತ್ರ ಮುಟ್ಟಬೇಡಿ. ದೊಡ್ಡ ಪಾತ್ರೆ ಇಟ್ಟುಕೊಳ್ಳಿ, ಇದೂ ಉಕ್ಕುವ ಗಿರಾಕಿ. ಪ್ಯಾನ್‌ಕೇಕ್ ಸಿರಪ್ ಅಂತ ಬರುವುದು ಬೇರೆಯೇ ಪದಾರ್ಥ, ಬಹಳ ಸಲ ಬಣ್ಣ ಮತ್ತು ವಾಸನೆ ಬೆರೆಸಿದ ಕಾರ್ನ್ ಸಿರಪ್. ಅದು ಇಲ್ಲಿಗೆ ಬೇಡ.

ಗೋಲ್ಡನ್ ಸಿರಪ್ ಅರ್ಧ ಬಿಡಿಸಿದ ಸಕ್ಕರೆ: ಸ್ವಲ್ಪ ಸುಕ್ರೋಸ್, ಸ್ವಲ್ಪ ಗ್ಲೂಕೋಸ್, ಸ್ವಲ್ಪ ಫ್ರಕ್ಟೋಸ್. ಕಾರ್ನ್ ಸಿರಪ್ ಸಿಗದ ಕಡೆ ಒಳ್ಳೆಯ ಬದಲಿ. ಬೆಣ್ಣೆಯಲ್ಲಿ ಕಾಯಿಸಿದ ಸಕ್ಕರೆಯಂಥ ರುಚಿ, ದಂತದ ಬಣ್ಣ. ಕಾರ್ನ್ ಸಿರಪ್‌ಗಿಂತ ಸಿಹಿ ಜಾಸ್ತಿ, ಆದ್ದರಿಂದ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕಿ. ಕಂದು ಅಕ್ಕಿ ಸಿರಪ್ ಪಿಷ್ಟದಿಂದ ಬಂದದ್ದಾದ್ದರಿಂದ ಮಾಲ್ಟೋಸ್ (ಎರಡು ಗ್ಲೂಕೋಸ್ ಜೋಡಿಯಾದ ಸಕ್ಕರೆ) ಮತ್ತು ಸರಪಳಿಗಳು ಹೇರಳ, ಫ್ರಕ್ಟೋಸ್ ಇಲ್ಲ. ಹೆಸರು ಕೇಳಿದರೆ ಅನುಮಾನ ಬಂದರೂ ಕೆಲಸದಲ್ಲಿ ಗ್ಲೂಕೋಸ್ ಸಿರಪ್‌ನ ತಮ್ಮ. ತಿಳಿಕಂದು ಬಣ್ಣ, ಹುರಿದ ಧಾನ್ಯದ ರುಚಿ ಒಪ್ಪುವುದಾದರೆ ತೂಕಕ್ಕೆ ತೂಕ ಹಾಕಿ. ಅಗಾವೆ ಸಿರಪ್ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅದರಲ್ಲಿ ಫ್ರಕ್ಟೋಸಿನದೇ ಮೇಲುಗೈ. ಪಾಕ ಬೇಗ ಕಂದಾಗುತ್ತದೆ, ತುಂಡು ಎಷ್ಟು ಪುಡಿ ಹೊರಳಿಸಿದರೂ ಕುಡಿದುಬಿಡುತ್ತದೆ. ಕಾಕಂಬಿ ಒಂದು ಚಮಚ ಪರಿಮಳಕ್ಕೆ, ಅಷ್ಟೇ.

ಹಣ್ಣಿನ ಸಿರಪ್, ಶರಬತ್ತಿನ ಸಿರಪ್ ಹಾಕಬಹುದಾ ಅನ್ನುವವರಿಗೆ: ಪಾಕದಲ್ಲಿ ಬೇಡ. ಅದರ ಹುಳಿ ಕುದಿಯುವಾಗ ಸಕ್ಕರೆಯನ್ನು ಬಿಡಿಸುತ್ತಾ ಹೋಗುತ್ತದೆ, ಬಣ್ಣವೂ ಮಂಕಾಗುತ್ತದೆ. ಬದಲಿಗೆ ಹಣ್ಣಿನ ರಸವನ್ನು ಬೇರೆಯಾಗಿ ಬತ್ತಿಸಿ ತಣ್ಣಗೆ ಮಾಡಿ, ಜೆಲಟಿನ್ ನೆನೆಸುವ ನೀರಿನ ಜಾಗದಲ್ಲಿ ಬಳಸಿ. ಅನಾನಸ್, ಪರಂಗಿ, ಕಿವಿ, ಅಂಜೂರದ ಹಸಿ ರಸದಲ್ಲಿ ಜೆಲಟಿನ್ ಅನ್ನು ಕತ್ತರಿಸುವ ಕಿಣ್ವ ಇರುತ್ತದೆ. ಕುದಿಸದೆ ಹಾಕಿದರೆ ಮಾರ್ಷ್‌ಮ್ಯಾಲೋ ಗಟ್ಟಿಯಾಗುವುದೇ ಇಲ್ಲ.

ಮೂರನೇ ಹೆಜ್ಜೆ: ಎಷ್ಟಕ್ಕೆ ಎಷ್ಟು

20 × 30 ಸೆಂಟಿಮೀಟರ್ ಟ್ರೇಗೆ ಒಂದು ಮೂಲ ಅಳತೆ ಕೊಡುತ್ತೇನೆ. ಸಕ್ಕರೆ 300 ಗ್ರಾಂ, ಗ್ಲೂಕೋಸ್ ಅಥವಾ ಕಾರ್ನ್ ಸಿರಪ್ 250 ಗ್ರಾಂ, ಪಾಕಕ್ಕೆ ನೀರು 120 ಮಿಲಿ, ಉಪ್ಪು ಕಾಲು ಚಮಚ. ಜೆಲಟಿನ್ ಪುಡಿ 20 ಗ್ರಾಂ, ಅದನ್ನು ನೆನೆಸಲು ತಣ್ಣೀರು 120 ಮಿಲಿ. ಕೊನೆಗೆ ವೆನಿಲಾ ಎರಡು ಚಮಚ.

ಸಿರಪ್ ಪಾಲು ಕಮ್ಮಿ ಮಾಡಿ ಸಕ್ಕರೆ 380, ಸಿರಪ್ 160 ಅಂತ ಮಾಡಿದರೆ ಕಚ್ಚಿದ ಕೂಡಲೇ ತುಂಡಾಗುವ, ಹೆಚ್ಚು ಸಿಹಿಯ, ಕೈಗೆ ಅಂಟದ ಮಾರ್ಷ್‌ಮ್ಯಾಲೋ ಬರುತ್ತದೆ. ಬೇಗ ತಿಂದು ಮುಗಿಸಬೇಕು, ಇಟ್ಟಷ್ಟೂ ಕರಕರ. ಸಿರಪ್ ಏರಿಸಿ ಎರಡೂ ಸಮ ಮಾಡಿದರೆ ಸಿಹಿ ಇಳಿಯುತ್ತದೆ, ಎಳೆದರೆ ರಬ್ಬರಿನಂತೆ ಬರುತ್ತದೆ, ಕತ್ತರಿಸುವಾಗ ಚಾಕು ಬಿಡುವುದಿಲ್ಲ. ಬೆಂಕಿಯಲ್ಲಿ ಸುಡುವುದಕ್ಕೆ ಅಂತಲೇ ಮಾಡುವುದಾದರೆ ಈ ಸಮಪಾಲು ಒಳ್ಳೆಯದು: ಗ್ಲೂಕೋಸ್ ಹೆಚ್ಚಿದ್ದಷ್ಟೂ ಜೆಲಟಿನ್ ಜೊತೆ ಸೇರಿ ಬೇಗ ಹೊಂಬಣ್ಣಕ್ಕೆ ತಿರುಗುತ್ತದೆ, ಸುಕ್ರೋಸಿಗೆ ಆ ಗುಣವಿಲ್ಲ.

ಇನ್ವರ್ಟ್ ಸಿರಪ್ ಒಂದರಲ್ಲೇ ಮಾಡುವುದಾದರೆ 250 ಗ್ರಾಂ ಹಾಕಲು ಹೋಗಬೇಡಿ. ಸಕ್ಕರೆ 400 ಗ್ರಾಂ, ಇನ್ವರ್ಟ್ 130ರಿಂದ 150 ಗ್ರಾಂ ಸಾಕು. ನನಗೆ ಇಷ್ಟವಾದ ಮಿಶ್ರಣ ಎರಡರ ನಡುವಿನದು: ಸಿರಪ್ 250ರಲ್ಲಿ 190 ಗ್ಲೂಕೋಸ್, 60 ಇನ್ವರ್ಟ್ ಅಥವಾ ಜೇನು. ಗ್ಲೂಕೋಸ್ ಸಿರಪ್ ಹಿಗ್ಗುವಿಕೆ ಕೊಡುತ್ತದೆ, ಇನ್ನೊಂದು ಮೃದುತ್ವ ಕಾಯುತ್ತದೆ.

ಸಿರಪ್ ಬದಲಾದರೆ ಡಿಗ್ರಿಯೂ ಬದಲಾಗಬೇಕು

ಇದನ್ನು ಪಾಕವಿಧಾನಗಳು ಬಹುತೇಕ ಹೇಳುವುದೇ ಇಲ್ಲ. ಪಾಕದ ಬಿಸಿ ನೋಡಿ ಒಳಗೆ ನೀರು ಎಷ್ಟಿದೆ ಅಂತ ಊಹಿಸುತ್ತೇವೆ. ಆದರೆ ಕುದಿಯುವ ಬಿಂದುವನ್ನು ಏರಿಸುವುದು ಸಕ್ಕರೆಯ ತೂಕಕ್ಕಿಂತ ಅದರ ಅಣುಗಳ ಎಣಿಕೆ. ಅದೇ 100 ಗ್ರಾಂನಲ್ಲಿ ಚಿಕ್ಕ ಸಕ್ಕರೆಯ ಅಣುಗಳು ಹೆಚ್ಚು, ಉದ್ದ ಸರಪಳಿಯವು ಕಮ್ಮಿ. ಹಾಗಾಗಿ ಥರ್ಮಾಮೀಟರ್ 116 ಅಂತ ತೋರಿಸುವಾಗ ಜೇನು ಅಥವಾ ಇನ್ವರ್ಟ್ ಬೆರೆತ ಪಾಕದಲ್ಲಿ ಗ್ಲೂಕೋಸ್ ಸಿರಪ್‌ನ ಪಾಕಕ್ಕಿಂತ ಹೆಚ್ಚು ನೀರು ಉಳಿದಿರುತ್ತದೆ. ಅದೇ ಡಿಗ್ರಿಗೆ ಇಳಿಸಿ, ‘ಯಾಕೋ ಗಟ್ಟಿಯಾಗಲಿಲ್ಲ’ ಅಂತ ಜೆಲಟಿನ್ ಮೇಲೆ ಗೂಬೆ ಕೂರಿಸುತ್ತೇವೆ.

ಗ್ಲೂಕೋಸ್, ಕಾರ್ನ್, ಕಂದು ಅಕ್ಕಿ ಸಿರಪ್‌ಗೆ 115ರಿಂದ 117 ಡಿಗ್ರಿ. ಗೋಲ್ಡನ್ ಸಿರಪ್‌ಗೆ 118. ಇನ್ವರ್ಟ್ ಹೆಚ್ಚಿದ್ದರೆ 119-120. ಹವೆಯಲ್ಲಿ ತೇವ ಜಾಸ್ತಿ ಇರುವ ದಿನ ಯಾವುದಕ್ಕಾದರೂ ಇನ್ನೊಂದು ಡಿಗ್ರಿ ಸೇರಿಸಿ. 121 ದಾಟಿದರೆ ಮಾತ್ರ ಮಾರ್ಷ್‌ಮ್ಯಾಲೋ ಅಗಿಯುವ ಮಿಠಾಯಿಯ ಕಡೆ ವಾಲುತ್ತದೆ.

ಥರ್ಮಾಮೀಟರನ್ನು ಮೊದಲು ಕುದಿಯುವ ನೀರಿಗೆ ಅದ್ದಿ ನೋಡಿ. 100 ತೋರಿಸದೆ 97 ತೋರಿಸಿದರೆ ಉಪಕರಣ ಕೆಟ್ಟಿದೆ ಅಂತಲೇ ಅಲ್ಲ. ಸಮುದ್ರ ಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಸುಮಾರು ಒಂದು ಡಿಗ್ರಿ ಕಮ್ಮಿಯಲ್ಲೇ ಕುದಿಯುತ್ತದೆ. ಕಾರಣ ಯಾವುದಾದರೂ ಆಗಲಿ, ಆ ಮೂರು ಡಿಗ್ರಿಯನ್ನು ನಿಮ್ಮ ಗುರಿಯಿಂದಲೂ ಕಳೆಯಿರಿ: 117ರ ಬದಲು 114.

ಥರ್ಮಾಮೀಟರ್ ಇಲ್ಲದವರಿಗೆ ಉಂಡೆ ಪಾಕದ ಪರೀಕ್ಷೆ ಇದ್ದೇ ಇದೆ. ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು ಅರ್ಧ ಚಮಚ ಪಾಕ ಬಿಡಿ. ನೀರಲ್ಲಿ ಹರಡಿದರೆ ಇನ್ನೂ ಆಗಿಲ್ಲ. ಬೆರಳಲ್ಲಿ ಒಟ್ಟುಮಾಡಿದರೆ ಉಂಡೆಯಾಗಬೇಕು, ಹೊರಗೆ ತೆಗೆದು ಅಂಗೈ ಮೇಲಿಟ್ಟರೆ ನಿಧಾನಕ್ಕೆ ಚಪ್ಪಟೆಯಾಗಬೇಕು. ಅದು ಗ್ಲೂಕೋಸ್ ಸಿರಪ್‌ನ ಹದ. ಅಂಗೈ ಮೇಲೂ ಆಕಾರ ಬಿಡದೆ, ಒತ್ತಿದರೆ ಮಾತ್ರ ತಗ್ಗಿದರೆ ಅದು ಇನ್ವರ್ಟ್ ಪಾಕದ ಹದ. ಪರೀಕ್ಷೆ ಮಾಡುವಷ್ಟು ಹೊತ್ತು ಪಾತ್ರೆಯನ್ನು ಒಲೆಯಿಂದ ಇಳಿಸಿಡಿ, ಇಲ್ಲದಿದ್ದರೆ ನೀವು ಉಂಡೆ ಕಟ್ಟುವಷ್ಟರಲ್ಲಿ ಪಾಕ ಮೂರು ಡಿಗ್ರಿ ಏರಿರುತ್ತದೆ.

ಯಾವ ಸಿರಪ್ಪೂ ಇಲ್ಲದಿದ್ದರೆ

ಮನೆಯಲ್ಲೇ ಇನ್ವರ್ಟ್ ಮಾಡಿಕೊಳ್ಳಿ. ಸಕ್ಕರೆ 500 ಗ್ರಾಂ, ನೀರು 250 ಮಿಲಿ, ಸಿಟ್ರಿಕ್ ಆ್ಯಸಿಡ್ ಕಾಲು ಚಮಚ. ಸಿಟ್ರಿಕ್ ಇಲ್ಲದಿದ್ದರೆ ಒಂದೂವರೆ ದೊಡ್ಡ ಚಮಚ ಸೋಸಿದ ನಿಂಬೆರಸ. ಸಕ್ಕರೆ ಕರಗುವವರೆಗೆ ಕಲಕಿ, ಕುದಿ ಬಂದ ಮೇಲೆ ಸೌಟು ಮುಟ್ಟಬೇಡಿ. ಉರಿ ಸಣ್ಣಗಿರಲಿ. ಜೋಡಿ ಬಿಡಿಸುವುದು ಹುಳಿ ಮತ್ತು ಬಿಸಿ ಸೇರಿ, ಅದಕ್ಕೆ ಸಮಯ ಬೇಕು. ದೊಡ್ಡ ಉರಿಯಲ್ಲಿ ನೀರು ಬೇಗ ಬತ್ತುತ್ತದೆ, ಸಕ್ಕರೆ ಮಾತ್ರ ಹಾಗೇ ಉಳಿಯುತ್ತದೆ. ಇಪ್ಪತ್ತು-ಇಪ್ಪತ್ತೈದು ನಿಮಿಷದಲ್ಲಿ 112-114 ಡಿಗ್ರಿಗೆ ಬಂದು ತಿಳಿ ಹುಲ್ಲಿನ ಬಣ್ಣ ಆಗುತ್ತದೆ. ಬಿಸಿಯಲ್ಲಿ ನೀರಿನಂತೆ ಕಂಡರೂ ಆರಿದಾಗ ಜೇನಿನ ಹದ. ಗಾಜಿನ ಬಾಟಲಿಗೆ ಹಾಕಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದರಲ್ಲಿ ಒಂದಿಷ್ಟು ಹುಳಿ ಉಳಿದಿರುತ್ತದೆ. ಮಾರ್ಷ್‌ಮ್ಯಾಲೋಗೆ 150 ಗ್ರಾಂ ಹಾಕುವಷ್ಟರಿಂದ ಜೆಲಟಿನ್‌ಗೆ ಏನೂ ಆಗದು.

‘ಹಾಗಾದರೆ ಮಾರ್ಷ್‌ಮ್ಯಾಲೋ ಪಾಕಕ್ಕೇ ನೇರ ನಿಂಬೆರಸ ಹಿಂಡಿದರೆ?’ ಆಗುತ್ತದೆ, 550 ಗ್ರಾಂ ಸಕ್ಕರೆಗೆ ಒಂದು ಚಮಚ. ಆದರೆ ಎಷ್ಟು ಸಕ್ಕರೆ ಬಿಡಿಸಿಕೊಂಡಿತು ಅನ್ನುವುದು ಪ್ರತಿ ಸಲ ಉರಿಯ ಮೇಲೆ, ಪಾತ್ರೆಯ ಮೇಲೆ ನಿಂತಿರುತ್ತದೆ. ಒಂದು ಸಲ ಕರಕರ, ಇನ್ನೊಂದು ಸಲ ಜಿಗುಟು. ಬೇರೆಯಾಗಿ ಮಾಡಿಟ್ಟುಕೊಂಡರೆ ಅಳತೆ ನಿಮ್ಮ ಕೈಯಲ್ಲಿರುತ್ತದೆ.

ಕುದಿಸುವುದು, ನೊರೆ ಎಬ್ಬಿಸುವುದು

ಜೆಲಟಿನ್ ಪುಡಿಯನ್ನು ತಣ್ಣೀರಿನ ಮೇಲೆ ಉದುರಿಸಿ ಹತ್ತು ನಿಮಿಷ ಬಿಡಿ. ದಪ್ಪ ತಳದ ಪಾತ್ರೆಯಲ್ಲಿ ನೀರು, ಸಕ್ಕರೆ, ಸಿರಪ್, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕಲಕುತ್ತಾ ಪೂರ್ತಿ ಕರಗಿಸಿ. ಒಂದು ಹನಿಯನ್ನು ಎರಡು ಬೆರಳ ನಡುವೆ ಉಜ್ಜಿದರೆ ಕಾಳು ಸಿಗಬಾರದು. ಕುದಿ ಹತ್ತಿದ ಮೇಲೆ ಎರಡು ನಿಮಿಷ ಮುಚ್ಚಳ ಮುಚ್ಚಿ; ಆವಿ ನೀರಾಗಿ ಇಳಿದು ಅಂಚಿನ ಕಾಳುಗಳನ್ನು ತೊಳೆದುಬಿಡುತ್ತದೆ. ಆಮೇಲೆ ಮುಚ್ಚಳ ತೆಗೆದು, ಕಲಕದೆ, ಹದಕ್ಕೆ ತನ್ನಿ.

ಇಳಿಸಿದ ಪಾಕ 100 ಡಿಗ್ರಿಯ ಹತ್ತಿರ ಬರುವವರೆಗೆ ಒಂದೆರಡು ನಿಮಿಷ ಕಾಯಿರಿ. ತೀರಾ ಬಿಸಿಯಾದದ್ದು ಜೆಲಟಿನ್ ಶಕ್ತಿ ಕುಂದಿಸುತ್ತದೆ. ಬೀಟರ್ ನಿಧಾನ ತಿರುಗುತ್ತಿರುವಾಗ ಬಟ್ಟಲಿನ ಅಂಚಿನಿಂದ ಸಣ್ಣ ಧಾರೆಯಾಗಿ ಬಿಡಿ, ಪೂರ್ತಿ ಬಿದ್ದ ಮೇಲೆ ವೇಗ ಹೆಚ್ಚಿಸಿ. ಎಂಟರಿಂದ ಹನ್ನೆರಡು ನಿಮಿಷ. ಮೊದಲು ತಿಳಿ ದ್ರವ, ಆಮೇಲೆ ಮಬ್ಬು ಹಾಲು, ಕೊನೆಗೆ ಹೊಳೆಯುವ ಬಿಳಿ ನೊರೆ. ಬೀಟರ್ ಎತ್ತಿದರೆ ದಪ್ಪ ಪಟ್ಟಿಯಾಗಿ ಬಿದ್ದು, ಬಿದ್ದ ಗುರುತು ತಕ್ಷಣ ಮುಳುಗಬಾರದು. ಬಟ್ಟಲಿನ ಹೊರಮೈ ಮುಟ್ಟಿದರೆ ಉಗುರುಬೆಚ್ಚಗಿರಬೇಕು. ಇನ್ವರ್ಟ್ ಅಥವಾ ಜೇನಿನ ನೊರೆ ಇಷ್ಟು ಎತ್ತರಕ್ಕೆ ಏಳದು, ಒಂದೆರಡು ನಿಮಿಷ ಹೆಚ್ಚು ತೆಗೆದುಕೊಳ್ಳುತ್ತದೆ. ವೆನಿಲಾ ಕೊನೆಯ ನಿಮಿಷಕ್ಕೆ.

ಎಣ್ಣೆ ಸವರಿ, ಹೊರಳಿಸುವ ಪುಡಿ (ಅಳತೆ ಕೆಳಗಿದೆ) ಉದುರಿಸಿದ ಟ್ರೇಗೆ ಸುರಿದು, ಮೇಲೂ ಪುಡಿ ಉದುರಿಸಿ, ಫ್ರಿಜ್ಜಿಗೆ ಇಡದೆ ಹೊರಗೇ ಆರು ಗಂಟೆಯಾದರೂ ಬಿಡಿ. ರಾತ್ರಿಯಿಡೀ ಆದರೆ ಇನ್ನೂ ಒಳ್ಳೆಯದು.

ಹೊರಗೆ ಹೊರಳಿಸುವ ಸಕ್ಕರೆ

ಐಸಿಂಗ್ ಶುಗರ್ ಮತ್ತು ಕಾರ್ನ್ ಫ್ಲೋರ್ ತೂಕಕ್ಕೆ ತೂಕ, ಎರಡು ಸಲ ಜರಡಿ ಹಿಡಿದದ್ದು. ಕಾರ್ನ್ ಫ್ಲೋರ್ ಅಂದರೆ ಬಿಳಿ ಪಿಷ್ಟ, ಹಳದಿ ಮೆಕ್ಕೆಜೋಳದ ಹಿಟ್ಟಲ್ಲ. ಬರೀ ಐಸಿಂಗ್ ಶುಗರ್ ಹಾಕಿದರೆ ತುಂಡಿನ ತೇವಕ್ಕೆ ಅದೇ ಕರಗಿ ಅಂಟಾಗುತ್ತದೆ. ಬರೀ ಪಿಷ್ಟ ಹಾಕಿದರೆ ನಾಲಿಗೆಗೆ ಸೀಮೆಸುಣ್ಣ. ಇನ್ವರ್ಟ್ ಅಥವಾ ಜೇನು ಹಾಕಿದ ಮಾರ್ಷ್‌ಮ್ಯಾಲೋಗೆ ಪಿಷ್ಟದ ಪಾಲನ್ನು ಮೂರರಲ್ಲಿ ಎರಡಕ್ಕೆ ಏರಿಸಿ. ಐಸಿಂಗ್ ಶುಗರ್ ಬದಲು ಡೆಕ್ಸ್‌ಟ್ರೋಸ್ ಪುಡಿ, ಅಂದರೆ ಗ್ಲೂಕೋಸ್ ಪುಡಿ, ಸಿಕ್ಕರೆ ಸಿಹಿ ತುಸು ಇಳಿಯುತ್ತದೆ, ಬಾಯಿಗೆ ತಣ್ಣಗೆ ಅನ್ನಿಸುತ್ತದೆ. ಈ ಪುಡಿಯನ್ನು ಲಿಕ್ವಿಡ್ ಗ್ಲೂಕೋಸ್ ಅಂದುಕೊಂಡು ಪಾಕಕ್ಕೆ ಸುರಿಯಬೇಡಿ. ಅದರಲ್ಲಿ ಸರಪಳಿಗಳಿಲ್ಲ, ಹೆಚ್ಚಾದರೆ ತಾನೇ ಹರಳುಗಟ್ಟುತ್ತದೆ.

ಕತ್ತರಿಸಿದ ಬದಿಗಳು ಅಂಟಂಟಾಗಿರುತ್ತವೆ, ಪ್ರತಿ ತುಂಡನ್ನೂ ಪುಡಿಯಲ್ಲಿ ಹೊರಳಿಸಿ, ಜರಡಿಯಲ್ಲಿ ಅಲ್ಲಾಡಿಸಿ ಹೆಚ್ಚಿನದನ್ನು ಉದುರಿಸಿ. ಡಬ್ಬಿಗೆ ಹಾಕುವ ಮೊದಲು ಅರ್ಧ ದಿನ ಗಾಳಿಗೆ ಬಿಟ್ಟರೆ ತೆಳು ಚರ್ಮ ಕಟ್ಟಿಕೊಳ್ಳುತ್ತದೆ.

ಸಕ್ಕರೆ ಬೇಡ ಅನ್ನುವವರಿಗೆ

ಹನಿ ಲೆಕ್ಕದಲ್ಲಿ ಹಾಕುವ ಸಿಹಿಕಾರಕಗಳಿಂದ ಮಾರ್ಷ್‌ಮ್ಯಾಲೋ ಆಗುವುದಿಲ್ಲ. ಇಲ್ಲಿ ಸಕ್ಕರೆ ರುಚಿಯಷ್ಟೇ ಅಲ್ಲ, ಮೈಯೂ ಹೌದು. ಎರಿಥ್ರಿಟಾಲ್ ಅನ್ನುವ ಸಿಹಿಕಾರಕವನ್ನು ಸಕ್ಕರೆಯ ಬದಲು ತೂಕಕ್ಕೆ ತೂಕ ಹಾಕಬಹುದಾದರೂ ತಣ್ಣಗಾದರೆ ಹಟ ಹಿಡಿದು ಹರಳಾಗುತ್ತದೆ. ಅಲ್ಯುಲೋಸ್ ಹರಳಾಗುವುದು ಕಮ್ಮಿ, ಸಿಹಿ ಸಕ್ಕರೆಯ ಮುಕ್ಕಾಲಿಗೆ ಹತ್ತಿರ, ಇದ್ದುದರಲ್ಲಿ ಅದೇ ವಾಸಿ. ಬೇಗ ಕಂದಾಗುತ್ತದೆ, ಎಲ್ಲ ದೇಶಗಳಲ್ಲೂ ಮಾರಾಟಕ್ಕೆ ಒಪ್ಪಿಗೆಯಿಲ್ಲ. ಎರಡನ್ನೂ ಬೆರೆಸುವವರು ಅಲ್ಯುಲೋಸ್ ಪಾಲು ಹೆಚ್ಚಿಡಿ. ಕ್ಸೈಲಿಟಾಲ್‌ನಲ್ಲಿ ಮಾಡುವುದಾದರೆ ಮನೆಯ ನಾಯಿಗೆ ಒಂದು ಚೂರೂ ಸಿಗದಂತೆ ನೋಡಿಕೊಳ್ಳಿ, ಅದಕ್ಕೆ ಅದು ವಿಷ.

ಯಾವ ಸಿರಪ್ಪಿನಲ್ಲಿ ಮಾಡಿದ್ದರೂ ಗಾಳಿಯಾಡದ ಡಬ್ಬಿಯಲ್ಲಿ, ಪದರಗಳ ನಡುವೆ ಬಟರ್ ಪೇಪರ್ ಇಟ್ಟು, ಫ್ರಿಜ್ಜಿನ ಹೊರಗೇ ಇಡಿ. ಫ್ರಿಜ್ಜಿಂದ ತೆಗೆದ ತುಂಡಿನ ಮೇಲೆ ಹೊರಗಿನ ತೇವ ಕೂತು ಪುಡಿಯೆಲ್ಲ ಒದ್ದೆಯಾಗುತ್ತದೆ. ಗ್ಲೂಕೋಸ್ ಸಿರಪ್‌ನದು ಎರಡು ವಾರ ಆರಾಮಾಗಿ ಇರುತ್ತದೆ, ಜೇನಿನದನ್ನು ವಾರದೊಳಗೆ ಮುಗಿಸಿ. ಡಬ್ಬಿಯ ಮೇಲೆ ಯಾವ ಸಿರಪ್, ಎಷ್ಟು ಗ್ರಾಂ, ಎಷ್ಟು ಡಿಗ್ರಿಗೆ ಇಳಿಸಿದ್ದು ಅಂತ ಒಂದು ಚೀಟಿ ಅಂಟಿಸಿಡಿ. ಐದನೇ ದಿನ ಒಂದು ತುಂಡು ಕಚ್ಚಿ ನೋಡಿ: ಕರಕರ ಅಂದರೆ ಮುಂದಿನ ಸಲ ಸಿರಪ್ 30 ಗ್ರಾಂ ಏರಿಸಿ, ಅಂಟಾಗಿದ್ದರೆ ಡಿಗ್ರಿ ಎರಡು ಏರಿಸಿ.